ಸ್ಪೀಡ್ ಏರಿಸಿದರೆ ಎಡಗೈ ಜಂಪ್ ತಪ್ಪುತ್ತಿದೆ (ಸೂಪರ್ ಮಾರಿಯೋ ವರ್ಲ್ಡ್, ಅಥ್ಲೆಟಿಕ್ ಥೀಮ್)

ಶಿರಸಿ_ಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರಿಯೋ ವರ್ಲ್ಡ್‌ನ ಅಥ್ಲೆಟಿಕ್ ಥೀಮ್ ಕಲಿಯುತ್ತಿದ್ದೇನೆ. 1990ರ ವಿಡಿಯೋ ಗೇಮ್, ಕೋಜಿ ಕೊಂಡೋ ಅವರ ಸಂಗೀತ, ಪಕ್ಕಾ ರ‍್ಯಾಗ್‌ಟೈಮ್ ಶೈಲಿ (ಕುಣಿಯುವ ತಾಳದ ಹಳೆಯ ಅಮೆರಿಕನ್ ಪಿಯಾನೋ ಸಂಗೀತ). ಬಲಗೈ ಕಣ್ಣು ಮುಚ್ಚಿದರೂ ಬರುತ್ತದೆ. ತೊಂದರೆಯೆಲ್ಲ ಎಡಗೈಯದು. ನನ್ನ ಹತ್ತಿರ ಇರುವ ಸ್ವರಲಿಪಿ ಶೀಟ್ ಎಫ್ ಮೇಜರ್‌ನಲ್ಲಿದೆ. ಕಿರುಬೆರಳಿನಲ್ಲಿ ಕೆಳಗಿನ ಎಫ್ ಒಂದೇ ಒತ್ತಬೇಕು, ತಕ್ಷಣ ಮೇಲೆ ಹೋಗಿ ಎ-ಸಿ-ಎಫ್ ಕಾರ್ಡ್ (ಮೂರೂ ಸ್ವರ ಒಟ್ಟಿಗೆ), ಮತ್ತೆ ಕೆಳಗೆ ಸಿ, ಮತ್ತೆ ಮೇಲೆ, ಹೀಗೆ ನಿಲ್ಲದೆ ನಡೆಯುತ್ತದೆ. ನಿಧಾನಕ್ಕೆ ಸರಿಯಾಗೇ ಬರುತ್ತದೆ. ಸ್ಪೀಡ್ ಏರಿಸಿದ ಕೂಡಲೇ ಕಿರುಬೆರಳು ಎಫ್ ಬಿಟ್ಟು ಪಕ್ಕದ ಇ ಮೇಲೋ ಜಿ ಮೇಲೋ ಬೀಳುತ್ತದೆ, ಒಂದು ಸಲ ತಪ್ಪಿದರೆ ಆ ಸಾಲೇ ಕೈ ಬಿಟ್ಟುಹೋಗುತ್ತದೆ. ಇಲ್ಲಿ ಪಿಯಾನೋ ಹೇಳಿಕೊಡುವವರು ಸಿಗಲಿಲ್ಲ, ಇರುವುದು 61 ಕೀಗಳ ಕೀಬೋರ್ಡ್. ಮೆಟ್ರೋನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಸಾಧನ) ಹಾಕಿಕೊಂಡು ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುವುದು ಬಿಟ್ಟರೆ ಬೇರೆ ದಾರಿ ಇದೆಯಾ?

ಕಪ್ಪುಬಿಳಿ88

ಮೆಟ್ರೋನೋಮ್ ಸದ್ಯಕ್ಕೆ ಪಕ್ಕಕ್ಕಿಡಿ. ನಿಧಾನವಾಗಿ ನುಡಿಸುವಾಗ ಕೈಯೂ ನಿಧಾನವಾಗಿ ತೇಲಿಕೊಂಡು ಹೋಗುತ್ತದೆ ಅಲ್ವಾ? ಅದನ್ನು ಎಷ್ಟು ಸಲ ಮಾಡಿದರೂ ವೇಗದ ಜಂಪ್ ಕೈಗೆ ಹತ್ತುವುದಿಲ್ಲ, ಎರಡೂ ಬೇರೆ ಬೇರೆ ಚಲನೆ. ಟ್ಯೂನ್ ನಿಧಾನ ಇರಲಿ, ಜಂಪ್ ಮಾತ್ರ ಮೊದಲ ದಿನದಿಂದಲೇ ಪೂರ್ತಿ ವೇಗದಲ್ಲಿರಲಿ.

ಎಫ್ ಒತ್ತಿ. ಒತ್ತಿದ ಕೂಡಲೇ ಕೈ ಸಟ್ಟನೆ ಎ-ಸಿ-ಎಫ್ ಮೇಲೆ ಹೋಗಿ ಕೂರಬೇಕು, ಆದರೆ ಒತ್ತಬಾರದು. ಬೆರಳುಗಳು ಕೀಗಳನ್ನು ಸುಮ್ನೆ ಮುಟ್ಟಿಕೊಂಡಿರಲಿ. ಮೂರೂ ಸರಿಯಾದ ಜಾಗದಲ್ಲಿವೆ ಅಂತ ಬೆರಳಿಗೇ ಗೊತ್ತಾಗಬೇಕು, ಆಮೇಲೆ ಒತ್ತಿ, ಮತ್ತೆ ಸಟ್ಟನೆ ಕೆಳಗೆ ಬಂದು ಸಿ ಮೇಲೆ ಕಾಯಿರಿ. ಸ್ಪೀಡ್ ಏರಿಸುವುದು ಅಂದರೆ ಈ ಕಾಯುವ ಹೊತ್ತನ್ನು ಕಡಿಮೆ ಮಾಡುತ್ತಾ ಬರುವುದು, ಅಷ್ಟೇ.

ಕೈಯನ್ನು ಮೇಲೆತ್ತಿ ಹಾರಿಸಬೇಡಿ. ಮೇಲೆ ಹೋದಷ್ಟೂ ದಾರಿ ಉದ್ದ, ಗುರಿಯೂ ತಪ್ಪುತ್ತದೆ. ಕೀಗಳಿಗೆ ಹತ್ತಿರದಲ್ಲೇ ಅಡ್ಡಕ್ಕೆ ಜಾರಿಸಿ, ಮೊಣಕೈಯಿಂದ ಪೂರ್ತಿ ತೋಳು ಹೋಗಲಿ, ಬೆರಳು ಚಾಚಿ ಎಟುಕಿಸಿಕೊಳ್ಳುವುದು ಬೇಡ. ಬಲಗೈಗೆ ಕಣ್ಣು ಬೇಡ ಅಂದಿರಲ್ಲ, ಹಾಗಾದರೆ ಕಣ್ಣು ಪೂರ್ತಿ ಎಡಕ್ಕಿರಲಿ. ಅದೂ ಕೈ ಮೇಲಲ್ಲ, ಕೈ ಹೋಗಿ ಇಳಿಯುವ ಕೀ ಮೇಲೆ. ಎಫ್ ಯಾವಾಗಲೂ ಮೂರು ಕಪ್ಪು ಕೀಗಳ ಗುಂಪಿನ ಎಡಗಡೆ ಇರುತ್ತದೆ, ಸಿ ಎರಡರ ಗುಂಪಿನ ಎಡಗಡೆ. ಕಣ್ಣು ಆ ಗುಂಪನ್ನು ಮೊದಲೇ ಹಿಡಿದುಕೊಂಡಿದ್ದರೆ ಕೈ ಅದರ ಹಿಂದೆ ಬರುತ್ತದೆ.

ಅರೇಂಜರ್_ಮೈಸೂರು

ಮೇಲಿನವರು ಹೇಳಿದ್ದು ಸರಿ, ಆದರೆ ಶೀಟನ್ನೇ ಒಮ್ಮೆ ನೋಡೋಣ. ಈ ಆಟದ ಗೇಮ್ ಯಂತ್ರ ಸೂಪರ್ ಫ್ಯಾಮಿಕಾಮ್‌ನ ಸೌಂಡ್ ಚಿಪ್‌ಗೆ 8 ಚಾನೆಲ್, ಅಂದರೆ ಒಂದೇ ಸಲಕ್ಕೆ 8 ಬೇರೆ ಬೇರೆ ಸದ್ದು. ಬೇಸ್ (ಕೆಳಗಿನ ಒಂಟಿ ಸ್ವರ) ಒಂದು ಚಾನೆಲ್‌ನಲ್ಲಿ, ಕಾರ್ಡ್‌ನ ಸ್ವರಗಳು ಬೇರೆಯವುಗಳಲ್ಲಿ. ಆಟದಲ್ಲಿ ಯಾವ ಕೈಯೂ ಎಲ್ಲಿಗೂ ಜಂಪ್ ಮಾಡಬೇಕಾಗಿರಲಿಲ್ಲ. ಎರಡನ್ನೂ ಒಂದೇ ಎಡಗೈಗೆ ತುಂಬಿದ್ದು ಪಿಯಾನೋಗೆ ಇಳಿಸಿದವರು. ಹಾಗಾಗಿ ಅದನ್ನು ಬದಲಾಯಿಸುವ ಹಕ್ಕು ನಿಮಗೂ ಇದೆ.

ಒಂದು ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ. ಕೆಳಗಿನ ಎಫ್‌ನಿಂದ ನಿಮ್ಮ ಕಾರ್ಡ್‌ನ ಎ, ಒಂದು ಆಕ್ಟೇವ್ (ಒಂದು ಎಫ್‌ನಿಂದ ಮುಂದಿನ ಎಫ್) ದಾಟಿ, 9 ಕೀ ಆಚೆ ಇದೆ ಅಂದುಕೊಳ್ಳಿ. ಕಿರುಬೆರಳು 21 ಸೆಂಟಿಮೀಟರ್ ಹೋಗಬೇಕು. ಅದೇ ಕಾರ್ಡನ್ನು ತಿರುಗಿಸಿ ಕೆಳಗಿನ ಸಿ-ಎಫ್-ಎ ಮಾಡಿಕೊಂಡರೆ 4 ಕೀ, 10 ಸೆಂಟಿಮೀಟರ್‌ಗೂ ಕಡಿಮೆ. ಸ್ವರ ಅವೇ ಮೂರು, ದಾರಿ ಅರ್ಧಕ್ಕಿಂತ ಕಮ್ಮಿ. ಅದೂ ಕಷ್ಟವಾದರೆ ಮೂರರ ಬದಲು ಎರಡು ಸ್ವರ ಸಾಕು, ಎಫ್ ಹೇಗೂ ಬೇಸ್‌ನಲ್ಲಿ ಬಂದಿದೆ, ಎ ಮತ್ತು ಸಿ ಇಟ್ಟುಕೊಳ್ಳಿ.

ಶಿರಸಿ_ಕೀಬೋರ್ಡ್

ಇಬ್ಬರಿಗೂ ಥ್ಯಾಂಕ್ಸ್. ಮುಟ್ಟಿ ಕಾಯುವುದು ಮಾಡಿ ನೋಡಿದೆ, ಬೇಸ್ ತಪ್ಪುವುದು ನಿಜಕ್ಕೂ ಕಡಿಮೆಯಾಯಿತು. ಆದರೆ ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಮುಂಗೈ ಬಿಗಿದುಕೊಳ್ಳುತ್ತದೆ. ಇನ್ನೊಂದು ಪ್ರಶ್ನೆ, ಪೆಡಲ್ (ಕಾಲಲ್ಲಿ ಒತ್ತಿ ಸದ್ದನ್ನು ಎಳೆದು ಉಳಿಸುವುದು) ಹಾಕಬೇಕಾ?

ರಾಗ_ಮತ್ತು_ರ‍್ಯಾಗ್

ಕಾರ್ಡ್ ತಿರುಗಿಸುವ ಬಗ್ಗೆ ನನ್ನದೊಂದು ತಕರಾರು. ಅಷ್ಟು ಕೆಳಗೆ ಮೂರು ಸ್ವರ ಒತ್ತೊತ್ತಾಗಿ ಬಂದರೆ ಸದ್ದು ಕಲಸಿಹೋಗುತ್ತದೆ, ಪೆಡಲ್ ಹಾಕಿದರಂತೂ ಕೇಳುವುದೇ ಬೇಡ. ರ‍್ಯಾಗ್‌ಟೈಮ್‌ನ ಕುಣಿತ ಇರುವುದೇ ಬೇಸ್ ಕೆಳಗೆ, ಕಾರ್ಡ್ ಮೇಲೆ ಅಂತ ದೂರ ದೂರ ಇರುವುದರಲ್ಲಿ. ಕಲಿಯುವಾಗ ಹತ್ತಿರ ಮಾಡಿಕೊಳ್ಳಿ, ಆಮೇಲೆ ವಾಪಸ್ ಮೇಲಕ್ಕೆ ತನ್ನಿ. ಈ ಟ್ಯೂನ್‌ಗೆ ನನ್ನ ಕೇಳಿದರೆ ಪೆಡಲ್ ಬೇಡವೇ ಬೇಡ. ಬೇಸನ್ನು ಚುಟುಕಾಗಿ ಒತ್ತಿ ಬಿಡಿ. ಬೇಗ ಬಿಟ್ಟಷ್ಟೂ ಹೊರಡಲು ಟೈಮ್ ಜಾಸ್ತಿ ಸಿಗುತ್ತದೆ.

ಮುಂಗೈ ಬಿಗಿಯುವುದನ್ನು ಕಡೆಗಣಿಸಬೇಡಿ. ದಾರಿಯಲ್ಲಿ ಹೋಗುವಾಗಲೂ ಕೈಯನ್ನು ಕಾರ್ಡ್ ಆಕಾರದಲ್ಲಿ ಅಗಲಿಸಿ ಹಿಡಿದುಕೊಂಡಿರುತ್ತೀರಾ ನೋಡಿ. ಕಾರ್ಡ್ ಒತ್ತಿದ ಮರುಕ್ಷಣ ಕೈ ಮಡಚಿಕೊಳ್ಳಲಿ, ಇಳಿಯುವಾಗ ಮಾತ್ರ ತೆರೆಯಲಿ. ಭುಜ ಕಿವಿ ಕಡೆ ಏರಿದೆಯಾ ಅಂತಲೂ ನೋಡಿಕೊಳ್ಳಿ. ನೋವು ಅಂತ ಅನಿಸಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ, ಹಟ ಬೇಡ.

ಇನ್ನೊಂದು ಮಾತು. ಮೇಪಲ್ ಲೀಫ್ ರ‍್ಯಾಗ್ (1899) ಬರೆದ ರ‍್ಯಾಗ್‌ಟೈಮ್ ಸಂಗೀತಗಾರ ಸ್ಕಾಟ್ ಜಾಪ್ಲಿನ್ ತಮ್ಮ ಎಷ್ಟೋ ಶೀಟ್‌ಗಳ ಮೇಲೆ ಇದನ್ನು ವೇಗವಾಗಿ ನುಡಿಸಬೇಡಿ ಅಂತಲೇ ಅಚ್ಚು ಹಾಕಿಸಿದ್ದರು. ಆಟದ ಸ್ಪೀಡ್ ಮುಟ್ಟಲೇಬೇಕು ಅಂತ ಏನೂ ಇಲ್ಲ, ತಾಳ ನಿಂತಿದ್ದರೆ ಸ್ವಲ್ಪ ಕಡಿಮೆ ಸ್ಪೀಡ್‌ನಲ್ಲೂ ಇದು ಚೆನ್ನಾಗಿ ಕುಣಿಯುತ್ತದೆ.

ಮುಟ್ಟಲೇಬೇಕು ಅಂತಿದ್ದರೆ ಅದೇ ಆಟದ ನೀರೊಳಗಿನ ಲೆವೆಲ್‌ನ ಸಂಗೀತ ಮೊದಲು ಕಲಿಯಿರಿ. ಟ್ಯೂನ್ ಅದೇ, ಕೊಂಡೋ ಅದನ್ನು ಅಲ್ಲಿ ಮೂರರ ತಾಳಕ್ಕೆ, ವಾಲ್ಟ್ಸ್ ಆಗಿ ಬದಲಾಯಿಸಿದ್ದಾರೆ. ಎಡಗೈಗೆ ಒಂದು ಬೇಸ್, ಎರಡು ಕಾರ್ಡ್ ಅಂತ ಇಟ್ಟುಕೊಂಡು ನುಡಿಸಿ. ಎರಡನೇ ಕಾರ್ಡ್ ಹೊತ್ತಿಗೆ ಕೈ ಅಲ್ಲೇ ಇರುತ್ತದೆ, ಕಣ್ಣಿಗೆ ಮುಂದಿನ ಬೇಸ್ ಹುಡುಕಲು ಒಂದು ಪೂರ್ತಿ ಬೀಟ್ ಸಿಗುತ್ತದೆ. ಅದು ಆರಾಮಾಗಿ ಬಂದ ಮೇಲೆ ಅಥ್ಲೆಟಿಕ್‌ಗೆ ಬನ್ನಿ, ಮೊದಲ ಎರಡು ಸಾಲು ಎಡಗೈ ಒಂದರಲ್ಲೇ ನುಡಿಸಿ.