ಪದ ಬೇಕು: ಫೋನಿನ ಬೆಳಕನ್ನು ಕನಿಷ್ಠಕ್ಕಿಂತಲೂ ಕೆಳಗಿಳಿಸುವುದಕ್ಕೆ

ನಮಸ್ಕಾರ. ಫೋನ್ ಬಳಕೆಯ ಕೈಪಿಡಿಯೊಂದರ ಕನ್ನಡ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕತ್ತಲ ಕೋಣೆಯಲ್ಲಿ ಕಣ್ಣು ಕುಕ್ಕದಂತೆ ಪರದೆ ಹೊಂದಿಸಿಕೊಳ್ಳುವ ಒಂದು ಪುಟ ಉಳಿದಿದೆ. ಅದರಲ್ಲಿ ನಾಲ್ಕು ಬೇರೆ ಬೇರೆ ಸೌಲಭ್ಯಗಳು: ಬ್ರೈಟ್‌ನೆಸ್, ಎಕ್ಸ್‌ಟ್ರಾ ಡಿಮ್, ನೈಟ್ ಲೈಟ್, ಡಾರ್ಕ್ ಥೀಮ್. ಕರಡಿನಲ್ಲಿ ನಾಲ್ಕರ ಸುತ್ತಲೂ ‘ಮಂದ’, ‘ಮಬ್ಬು’ಗಳೇ ಸುಳಿದಾಡುತ್ತಿವೆ. ಯಾವ ಗುಂಡಿ ಏನು ಮಾಡುತ್ತದೆಂದು ಓದುವವರಿಗೆ ಗೊತ್ತಾಗುವಂತಿಲ್ಲ. ಎಕ್ಸ್‌ಟ್ರಾ ಡಿಮ್‌ಗೆ ಪದ ತುರ್ತಾಗಿ ಬೇಕು. ಗುಂಡಿಯ ಕೆಳಗೆ ಎರಡು ಪದಕ್ಕಷ್ಟೇ ಜಾಗ. ಐಫೋನಿನಲ್ಲಿ ಬಿಳಿಯನ್ನು ತಗ್ಗಿಸುವ ರೆಡ್ಯೂಸ್ ವೈಟ್ ಪಾಯಿಂಟ್‌ಗೂ ಅದೇ ನಡೆದೀತೇ, ಅಥವಾ ‘ಶ್ವೇತಬಿಂದು’ ಎನ್ನಬೇಕೇ?

* * *

ಮಬ್ಬು ಬೇಡವೇ ಬೇಡ. ಕಣ್ಣು ಮಬ್ಬಾಗುತ್ತದೆ, ಗಾಜು ಮಬ್ಬಾಗುತ್ತದೆ, ಎರಡರಲ್ಲೂ ಎದುರಿನದು ಸರಿಯಾಗಿ ಕಾಣುವುದಿಲ್ಲ. ಇಲ್ಲಿ ಅಕ್ಷರದ ಅಂಚು ಹರಿತವಾಗಿಯೇ ಇರುತ್ತದೆ, ಬೆಳಕು ಮಾತ್ರ ಇಳಿಯುತ್ತದೆ. ಮಸುಕನ್ನು ಬ್ಲರ್‌ಗೆ ಬಿಟ್ಟುಕೊಟ್ಟಾಗಿದೆ. ಮಂಕು ತಲೆಗೆ ಕವಿಯುವಂಥದ್ದು. ‘ಅತಿಮಂದ’ ಹಾಕಿ ಮುಗಿಸಿ.

* * *

> ‘ಅತಿಮಂದ’ ಹಾಕಿ ಮುಗಿಸಿ

ಫೋನು ನಿಧಾನವಾಗುವ ಗುಂಡಿ ಎಂದು ಓದಿಕೊಳ್ಳುತ್ತಾರೆ. ಮಂದಗತಿ ಇದೆ, ಮಂದಬುದ್ಧಿ ಇದೆ, ದಪ್ಪನೆಯ ಕಂಬಳಿಯೂ ಮಂದವೇ. ಬೆಳಕಿನ ಮಾತಿಗೆ ಬೆಳಕನ್ನೇ ಬಿಟ್ಟು ಹೊರಟರೆ ಹೀಗಾಗುತ್ತದೆ. ಬೆಳ್ ಎಂಬ ಒಂದು ಬೇರಿನಿಂದ ಬಿಳಿ, ಬೆಳ್ಳಿ, ಬೆಳಗು, ಬೆಳಕು, ಬೆಳದಿಂಗಳು ಎಲ್ಲವೂ ಬಂದಿವೆ. ಬಿಳಿಗೂ ಬೆಳಕಿಗೂ ಕನ್ನಡದಲ್ಲಿ ಬೇರು ಒಂದೇ ಆಗಿರುವಾಗ ‘ಶ್ವೇತಬಿಂದು’ವಿಗೆ ಯಾಕೆ ಹೋಗಬೇಕು? ಬೆಳಕಿಗೆ ‘ನಸು’ ಸೇರಿಸಿ: ನಸುಬೆಳಕು. ನಸುನಗೆ, ನಸುಗೆಂಪು ಇದ್ದಂತೆ.

* * *

ಪದಕ್ಕಿಂತ ಮೊದಲು ಒಳಗೆ ಏನು ಇಳಿಯುತ್ತದೆ ಎಂದು ನೋಡಬೇಕು. ನಾಲ್ಕೂ ಒಂದೇ ಕೆಲಸವಲ್ಲ.

ಬ್ರೈಟ್‌ನೆಸ್ ಪಟ್ಟಿ ಎಲ್‌ಸಿಡಿ ಬಗೆಯ ಪರದೆಯಲ್ಲಿ ಹಿಂಬದಿಯ ದೀಪವನ್ನು ಇಳಿಸುತ್ತದೆ. ಓಎಲ್‌ಇಡಿಯಲ್ಲಿ ಹಿಂಬದಿ ದೀಪವೇ ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಅದನ್ನೇ ಕುಗ್ಗಿಸಬೇಕು. ಎರಡರಲ್ಲೂ ತಯಾರಕರು ಇಟ್ಟ ಒಂದು ತಳಮಿತಿ ಇದೆ. ಪೂರ್ತಿ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಆ ತಳವೂ ಹೆಚ್ಚೇ. 2021ರ ಆಂಡ್ರಾಯ್ಡ್ 12ರಲ್ಲಿ ಬಂದ ಎಕ್ಸ್‌ಟ್ರಾ ಡಿಮ್ ದೀಪವನ್ನು ಮುಟ್ಟುವುದಿಲ್ಲ. ಪರದೆಗೆ ಹೋಗುವ ಕೆಂಪು, ಹಸಿರು, ನೀಲಿಯ ಬೆಲೆಗಳನ್ನೇ ತಗ್ಗಿಸುತ್ತದೆ. ಹಾಗಾಗಿ ಎಲ್‌ಸಿಡಿಯಲ್ಲಿ ಬಿಳಿ ಇಳಿಯುತ್ತದೆ, ಆದರೆ ಹಿಂದಿನಿಂದ ಸೋರುವ ಬೆಳಕಿಗೆ ಕಪ್ಪು ಬೂದು ಬಣ್ಣದಲ್ಲೇ ಉಳಿಯುತ್ತದೆ. ಕಾಂಟ್ರಾಸ್ಟ್ ಸಾಯುತ್ತದೆ, ಬ್ಯಾಟರಿಯ ಉಳಿತಾಯವೂ ಇಲ್ಲ. ಓಎಲ್‌ಇಡಿಯಲ್ಲಿ ಎರಡೂ ಲಾಭವೇ.

ದಾರಿ: ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಎಕ್ಸ್‌ಟ್ರಾ ಡಿಮ್. ಅಲ್ಲೇ ‘ಮರುಚಾಲನೆಯ ನಂತರವೂ ಇರಲಿ’ ಎಂಬ ಆಯ್ಕೆಯೂ ಇದೆ. ಕೆಲವು ತಯಾರಕರು ಮೆನುವಿನ ಜೋಡಣೆ ಬದಲಿಸಿರುತ್ತಾರೆ, ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆ ಬಳಸಿ. ಐಫೋನಿನಲ್ಲಿ: ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಡಿಸ್‌ಪ್ಲೇ ಆ್ಯಂಡ್ ಟೆಕ್ಸ್ಟ್ ಸೈಜ್, ರೆಡ್ಯೂಸ್ ವೈಟ್ ಪಾಯಿಂಟ್. 25ರಿಂದ 100 ಶೇಕಡಾವರೆಗೆ ಹೊಂದಿಸಬಹುದು. ಅದೇ ಪುಟದ ತಳದಲ್ಲಿರುವ ಆಟೋ ಬ್ರೈಟ್‌ನೆಸ್ ನಿಲ್ಲಿಸದಿದ್ದರೆ ಪಕ್ಕದಲ್ಲಿ ಯಾರೋ ದೀಪ ಹಾಕಿದೊಡನೆ ಸೆನ್ಸರ್ ಪಟ್ಟಿಯನ್ನು ಮೇಲಕ್ಕೆಳೆಯುತ್ತದೆ. ‘ಶ್ವೇತಬಿಂದು’ ತಾಂತ್ರಿಕವಾಗಿಯೂ ತಪ್ಪು: ಬಣ್ಣಶಾಸ್ತ್ರದಲ್ಲಿ ವೈಟ್ ಪಾಯಿಂಟ್ ಎಂದರೆ ಬಿಳಿಯ ಛಾಯೆ ಯಾವುದು ಎಂಬುದು. ಇಲ್ಲಿ ಇಳಿಯುವುದು ಬಿಳಿ ಎಷ್ಟು ಬೆಳ್ಳಗೆ ಎಂಬುದು.

ನೈಟ್ ಲೈಟ್ ನೀಲಿಯನ್ನು ತಗ್ಗಿಸಿ ಬಣ್ಣವನ್ನು ಕೆಂಪಿನತ್ತ ತಿರುಗಿಸುತ್ತದೆ, ಅಷ್ಟೇ. ಕಣ್ಣು ಕುಕ್ಕದಿರಲು ಅದೊಂದೇ ಸಾಲದು. ಡಾರ್ಕ್ ಥೀಮ್ ಹಿನ್ನೆಲೆ ಬದಲಿಸುತ್ತದೆ. ಬಿಳಿ ಜಾಲಪುಟವೋ ಸ್ಕ್ಯಾನ್ ಮಾಡಿದ ಪಿಡಿಎಫೋ ತೆರೆದ ಕೂಡಲೇ ಮುಖಕ್ಕೆ ಟಾರ್ಚ್.

ಇನ್ನೊಂದು ಮಾತು ಕೈಪಿಡಿಯಲ್ಲಿ ಇರಲೇಬೇಕು. ಅನೇಕ ಓಎಲ್‌ಇಡಿ ಫೋನುಗಳು ತಗ್ಗಿದ ಬೆಳಕನ್ನು ಪಿಕ್ಸೆಲ್‌ಗಳನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸಿ ಸಾಧಿಸುತ್ತವೆ, 240 ಬಾರಿ ಎಂಬುದು ಸಾಮಾನ್ಯ ಅಂಕಿ. ಪಟ್ಟಿ ತಳಕ್ಕಿಳಿದಷ್ಟೂ ಆರಿರುವ ಹೊತ್ತು ಹೆಚ್ಚು. ಕಣ್ಣಿಗೆ ಮಿಣುಕು ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಅಂಥವರು ಪಟ್ಟಿಯನ್ನು ನಡುಮಟ್ಟದಲ್ಲಿಟ್ಟು, ಉಳಿದ ಇಳಿಕೆಯನ್ನು ಎಕ್ಸ್‌ಟ್ರಾ ಡಿಮ್‌ನಿಂದ ಮಾಡಿಕೊಳ್ಳುವುದು ಮೇಲು.

* * *

‘ಪ್ರಖರತೆ’ ಎಂಬ ಸಿದ್ಧಪದ ಇರುವಾಗ ಇಷ್ಟೆಲ್ಲ ಯಾಕೆ? ‘ಪ್ರಖರತೆ ಇಳಿಕೆ’. ಎರಡು ಪದ, ಜಾಗಕ್ಕೆ ಸರಿ.

* * *

> ‘ಪ್ರಖರತೆ’ ಎಂಬ ಸಿದ್ಧಪದ

ಖರ ಎಂದರೆ ಕಟು, ತೀಕ್ಷ್ಣ. ಕತ್ತೆಯೂ ಹೌದು, ಇರಲಿ. ಅದಕ್ಕೆ ‘ಪ್ರ’ ಬೇರೆ. ನಡುಹಗಲ ಬಿಸಿಲು ಪ್ರಖರ. ಕತ್ತಲಲ್ಲಿ ಬೂದಿ ಮುಚ್ಚಿದ ಕೆಂಡದಷ್ಟು ಬೆಳಗುವ ಪರದೆಗೆ ‘ಕಡಿಮೆ ಪ್ರಖರತೆ’ ಎನ್ನುವುದು ಹಾಸ್ಯ. ಹೊಳಪೂ ಒಗ್ಗದು, ಅದು ಮೇಲ್ಮೈ ಮಿಂಚುವುದಕ್ಕೆ. ಬೆಳಕು ಎನ್ನಿ.

* * *

ನಾಲ್ಕು ಜನ ಸೇರಿ ಬೇರು ಅಗೆಯುತ್ತಿದ್ದೀರಿ. ವಾಹನ ಓಡಿಸುವವರೆಲ್ಲ ‘ಡಿಮ್ ಮಾಡು’ ಎನ್ನುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ‘ಇನ್ನೂ ಡಿಮ್’. ಮುಗಿಯಿತು.

* * *

> ‘ಇನ್ನೂ ಡಿಮ್’. ಮುಗಿಯಿತು.

‘ಮಾಡು’ ಅಂಟಿಸಿದ್ದೆಲ್ಲ ಕನ್ನಡವಾಗುವುದಾದರೆ ನಿಘಂಟಿನಲ್ಲಿ ಒಂದೇ ಕ್ರಿಯಾಪದ ಸಾಕು. ತಗ್ಗಿಸು, ಕುಗ್ಗಿಸು, ಇಳಿಸು, ಕುಂದಿಸು, ನಾಲ್ಕಿವೆ. ಎಲ್ಲವನ್ನೂ ಕೊಂದು ‘ಡಿಮ್ ಮಾಡು’ ಸಾಕೋ?

* * *

ಕೊಂದವರು ಯಾರೂ ಇಲ್ಲ. ಸ್ವಿಚ್ಚು, ಬಲ್ಬು, ಲೈಟು ಉಕಾರ ಹಚ್ಚಿಕೊಂಡು ಒಳಗೆ ಬಂದು ಕುಳಿತಿವೆ, ಡಿಮ್ಮೂ ಬರುತ್ತದೆ. ಶುದ್ಧಿಯ ಮಾತಾಡುವವರು ಇಷ್ಟು ಹೊತ್ತೂ ಬಳಸಿದ ‘ಪರದೆ’ ಪಾರಸಿಯದು, ‘ಮಂದ’ ಸಂಸ್ಕೃತದ್ದು. ‘ತೆರೆ’ ಎನ್ನಿ ನೋಡೋಣ. ಆಮೇಲೆ ಕೈಪಿಡಿಯಲ್ಲಿ ‘ತೆರೆಯ ತೆರೆ ತೆರೆಯಿರಿ’ ಎಂದು ಬರೆದುಕೊಳ್ಳಿ.

* * *

ಪಾರಸಿ ಪರದೆ ಬಂದು ಕಾಲವಾಯಿತು, ಅದರ ಜಾಗದಲ್ಲಿ ಯಾರೂ ಪದ ಕಳೆದುಕೊಳ್ಳಲಿಲ್ಲ. ಡಿಮ್ಮಿನ ಕಥೆ ಬೇರೆ. ‘ಡಿಮ್’ ಎಂದರೆ ಗಾಡಿಯವರಿಗೆ ದೀಪ ಕೆಳಕ್ಕೆ ಬಾಗುವುದು, ಬೆಳಕು ಕುಗ್ಗುವುದಲ್ಲ. ನೀವು ಸಾಲ ತಂದ ಪದಕ್ಕೆ ತಂದ ಅರ್ಥವೇ ಉಳಿದಿಲ್ಲ.

* * *

ಸಾಲದ ಲೆಕ್ಕ ಬೇರೆ ಎಳೆಯಲ್ಲಿ ಇಟ್ಟುಕೊಳ್ಳಿ, ಕೇಳಿದವರಿಗೆ ನಾಳೆ ಅಚ್ಚು.

ಪ್ಲೇ ಸ್ಟೋರಿನಲ್ಲಿ ಸಿಗುವ ‘ಡಿಮ್ಮರ್’ ಆ್ಯಪ್‌ಗಳಿಗೂ ಇದೇ ಹೆಸರು ಕೊಡಬೇಡಿ. ಅವುಗಳಲ್ಲಿ ಹಲವು, ಪರದೆಯ ಮೇಲೆ ಕಪ್ಪು ಛಾಯೆಯ ಪದರ ಹಾಸುವಂಥವು. ಆಂಡ್ರಾಯ್ಡ್ 12ರಿಂದೀಚೆಗೆ ಆ ಪದರ 80 ಶೇಕಡಾಕ್ಕಿಂತ ದಟ್ಟವಾದರೆ ಕೆಳಗಿನ ಆ್ಯಪ್‌ಗೆ ಸ್ಪರ್ಶ ತಲುಪದಂತೆ ವ್ಯವಸ್ಥೆಯೇ ತಡೆಯುತ್ತದೆ. ಆ್ಯಕ್ಸೆಸಿಬಿಲಿಟಿ ಅನುಮತಿ ಪಡೆದ ಪದರಕ್ಕೆ ವಿನಾಯಿತಿ ಇದೆ. ಸ್ಕ್ರೀನ್‌ಶಾಟ್ ಕೂಡ ಕಪ್ಪಾಗಿ ಬರುತ್ತದೆ. ಎಕ್ಸ್‌ಟ್ರಾ ಡಿಮ್‌ನಲ್ಲಿ ಹಾಗಾಗುವುದಿಲ್ಲ. ‘ಮುಸುಕು’ ಎಂಬ ಒಳ್ಳೆಯ ಪದವನ್ನು ಆ ಪದರಕ್ಕೆ ಇಟ್ಟುಕೊಳ್ಳಿ.

ರಾತ್ರಿ ಹಾಕಿದ್ದನ್ನು ಮರೆತು ಬಿಸಿಲಿಗೆ ಹೋದರೆ ಫೋನು ಸತ್ತಂತೆ ಕಾಣುತ್ತದೆ. ಅದಕ್ಕಾಗಿ ಶಾರ್ಟ್‌ಕಟ್ ಮೊದಲೇ ಹೊಂದಿಸಿಡಲು ಬರೆಯಿರಿ: ಐಫೋನಿನಲ್ಲಿ ಪಕ್ಕದ ಗುಂಡಿ ಮೂರು ಬಾರಿ ಒತ್ತುವುದು, ಆಂಡ್ರಾಯ್ಡ್‌ನಲ್ಲಿ ಎರಡೂ ವಾಲ್ಯೂಮ್ ಗುಂಡಿ ಒಟ್ಟಿಗೆ ಕೆಲವು ಕ್ಷಣ ಒತ್ತಿಹಿಡಿಯುವುದು.

* * *

ಎಲ್ಲರಿಗೂ ವಂದನೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ಬ್ರೈಟ್‌ನೆಸ್‌ಗೆ ‘ಬೆಳಕಿನ ಮಟ್ಟ’, ಎಕ್ಸ್‌ಟ್ರಾ ಡಿಮ್‌ಗೆ ‘ನಸುಬೆಳಕು’, ನೈಟ್ ಲೈಟ್‌ಗೆ ‘ಕೆಂಬಣ್ಣ’, ಡಾರ್ಕ್ ಥೀಮ್‌ಗೆ ‘ಕಪ್ಪು ಹಿನ್ನೆಲೆ’. ಐಫೋನಿನದಕ್ಕೆ ‘ಬಿಳಿ ತಗ್ಗಿಸು’. ನಸುಬೆಳಕಿನ ಒಳಗಿರುವ ಇಂಟೆನ್ಸಿಟಿ ಪಟ್ಟಿಗೆ ‘ತೀವ್ರತೆ’ ಎಂದಿದೆ, ಅದು ಸರಿಯಿದೆಯಲ್ಲ?

* * *

ಸರಿಯಿಲ್ಲ. ತೀವ್ರತೆ ಬೆಳಕಿನದೋ ಇಳಿಕೆಯದೋ ಎಂಬುದು ಆ ಪದದಿಂದ ಗೊತ್ತಾಗುವುದಿಲ್ಲ. ‘ತೀವ್ರತೆ ಹೆಚ್ಚಿಸಿ’ ಎಂದು ಓದಿದವರಲ್ಲಿ ಕೆಲವರು ಬೆಳಕು ಹೆಚ್ಚೀತೆಂದು ಎಳೆಯುತ್ತಾರೆ, ಕೆಲವರು ಕತ್ತಲು ಹೆಚ್ಚೀತೆಂದು. ‘ಇಳಿಕೆ’ ಎಂದು ಹಾಕಿ, ಫೋನಿನಲ್ಲಿ ಎಳೆದು ನೋಡಿ ಒಂದು ತುದಿಗೆ ‘ಬೆಳಕು’, ಇನ್ನೊಂದಕ್ಕೆ ‘ಕತ್ತಲು’ ಎಂದು ಬರೆಯಿರಿ. ಐಫೋನಿನ ಶೇಕಡಾ ಅಂಕಿಗೂ ಇದೇ ಎಚ್ಚರಿಕೆ: ಅಂಕಿ ಏರಿದಂತೆ ಬಿಳಿ ಇಳಿಯುತ್ತದೆ.