ಪ್ಲಗಿನ್‌ನಲ್ಲಿ ‘ಮಿಸ್ಸಿಂಗ್ ಆಥರೈಸೇಶನ್’ ಅಂತ ಮೇಲ್ ಬಂದಿದೆ, ಏನು ಮಾಡಲಿ?

ಕೇಳಿದವರು, ಕಲಬುರಗಿ

ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಅಂಗಡಿ ಇದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾರುತ್ತೇವೆ. ಎರಡು ವರ್ಷದಿಂದ ವರ್ಡ್‌ಪ್ರೆಸ್ (ಸೈಟ್ ನಡೆಸುವ ಸಾಫ್ಟ್‌ವೇರ್), ವೂಕಾಮರ್ಸ್ (ಅದಕ್ಕೆ ಅಂಗಡಿ ಸೇರಿಸುವ ಪ್ಲಗಿನ್, ಅಂದರೆ ಹೆಚ್ಚುವರಿ ಸಾಫ್ಟ್‌ವೇರ್) ಹಾಕಿಸಿಕೊಂಡು ಆನ್‌ಲೈನ್‌ನಲ್ಲೂ ಕೊಡುತ್ತಿದ್ದೇವೆ. ಬೆಂಗಳೂರು, ಪುಣೆಯಲ್ಲಿರುವ ನಮ್ಮೂರಿನವರೇ ಜಾಸ್ತಿ ತರಿಸಿಕೊಳ್ಳುತ್ತಾರೆ.

ಮೊನ್ನೆ ಹೋಸ್ಟಿಂಗ್‌ನವರಿಂದ ಮೇಲ್ ಬಂತು. ಒಂದು ಪ್ಲಗಿನ್‌ನಲ್ಲಿ ‘ಮಿಸ್ಸಿಂಗ್ ಆಥರೈಸೇಶನ್’ ದೋಷ, ಅಂದರೆ ಅನುಮತಿ ಇದೆಯಾ ಅಂತ ನೋಡದ ದೋಷ ಇದೆಯಂತೆ. ತೀವ್ರತೆ 10ಕ್ಕೆ 4.3, ಮೀಡಿಯಂ, ಸಬ್‌ಸ್ಕ್ರೈಬರ್ (ಅತಿ ಕಡಿಮೆ ಅಧಿಕಾರದ ಬಳಕೆದಾರ) ಲಾಗಿನ್ ಬೇಕು ಅಂತ ಬರೆದಿದ್ದಾರೆ. ಸೈಟ್ ಮಾಡಿಕೊಟ್ಟ ಹುಡುಗ ‘ಲಾಗಿನ್ ಬೇಕಲ್ಲ ಅಕ್ಕಾ, ಏನೂ ಆಗಲ್ಲ ಬಿಡಿ’ ಅಂದ. ನನಗೆ ಸಮಾಧಾನ ಆಗುತ್ತಿಲ್ಲ. ಎಳ್ಳ ಅಮವಾಸ್ಯೆ ಹತ್ತಿರ ಬಂತು, ಸಜ್ಜೆ ರೊಟ್ಟಿ ಆರ್ಡರ್ ಶುರುವಾಗಿವೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೀದರಿನಿಂದ

ಅಕ್ಕಾ, ನಿಮ್ಮ ಅನುಮಾನ ಸರಿಯಾಗಿದೆ. ನಿಮ್ಮ ಅಂಗಡಿಯಲ್ಲಿ ಲಾಗಿನ್ ಯಾರಿಗೆ ಸಿಗುತ್ತದೆ ನೋಡಿ. ರೊಟ್ಟಿ ತರಿಸುವ ಯಾರು ಅಕೌಂಟ್ ತೆರೆದರೂ ಸಿಗುತ್ತದೆ. ವೂಕಾಮರ್ಸ್ ಅವರಿಗೆ ‘ಕಸ್ಟಮರ್’ ಅನ್ನುವ ರೋಲ್ ಕೊಡುತ್ತದೆ. ಅಧಿಕಾರದಲ್ಲಿ ಅದು ಸಬ್‌ಸ್ಕ್ರೈಬರ್‌ಗೆ ಸಮ. ಒಂದು ಇಮೇಲ್ ಇದ್ದರೆ ಸಾಕು, ಯಾರು ಬೇಕಾದರೂ ಆ ದೋಷದ ತನಕ ಬರಬಹುದು.

ನಾನು ಬಿದ್ರಿ ಸಾಮಾನು ಮಾರುವ ಒಬ್ಬರ ಸೈಟ್ ನೋಡಿಕೊಳ್ಳುತ್ತೇನೆ. ಒಂದು ದಿನ ಅವರ ಗಿರಾಕಿ ಫೋನ್ ಮಾಡಿ, ‘ಹೂದಾನಿ ಒತ್ತಿದರೆ ಜೂಜಿನ ಸೈಟ್ ತೆರೆಯುತ್ತಿದೆ’ ಅಂದರು. ನಮ್ಮ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು. ಮೊಬೈಲ್‌ನಲ್ಲಿ ಗೂಗಲ್ ಮೂಲಕ ಬಂದವರಿಗೆ ಮಾತ್ರ ಹಾಗಾಗುತ್ತಿತ್ತು. ಮಾಲೀಕರಿಗೆ ಬೇಗ ಗೊತ್ತಾಗದಿರಲಿ ಅಂತಲೇ ಹಾಗೆ ಮಾಡಿದ್ದರು.

ಸರ್ವರ್ ಲಾಗ್ (ಯಾರು ಯಾವಾಗ ಬಂದರು ಅನ್ನುವ ದಾಖಲೆ) ತೆಗೆದು ನೋಡಿದೆ. ರಾತ್ರಿ 2 ಗಂಟೆ 13 ನಿಮಿಷಕ್ಕೆ ಹೊಸ ಅಕೌಂಟ್ ಒಂದು ತೆರೆದಿದೆ. ಅದೇ ನಿಮಿಷದಲ್ಲಿ, ಅದೇ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಅಡ್ಮಿನ್-ಏಜಾಕ್ಸ್ ಫೈಲಿಗೆ (ಪ್ಲಗಿನ್‌ಗಳಿಗೆ ಹಿನ್ನೆಲೆಯಲ್ಲಿ ಕೋರಿಕೆ ತಲುಪುವ ಜಾಗ) ಒಂದು ಪೋಸ್ಟ್, ಅಂದರೆ ಮಾಹಿತಿ ಕಳಿಸುವ ಕೋರಿಕೆ ಹೋಗಿದೆ. ಅಷ್ಟೇ. ಯಾರ ಪಾಸ್‌ವರ್ಡೂ ಕದ್ದಿರಲಿಲ್ಲ. ನಮ್ಮ ಪ್ಲಗಿನ್‌ನಲ್ಲಿ ಹೆಡರ್‌ಗೆ (ಪುಟಗಳ ತಲೆಭಾಗಕ್ಕೆ) ಕೋಡ್ ಸೇರಿಸುವ ಜಾಗ ಇತ್ತು. ಅದನ್ನು ಉಳಿಸುವಾಗ ‘ಉಳಿಸುತ್ತಿರುವವರು ಯಾರು’ ಅಂತ ಪ್ಲಗಿನ್ ಕೇಳುತ್ತಲೇ ಇರಲಿಲ್ಲ. ದೋಷ ಸರಿಪಡಿಸಿದ ಅಪ್‌ಡೇಟ್ 19 ದಿನ ಮೊದಲೇ ಬಂದಿತ್ತು. ನಾನು ನೋಡಿದ್ದೆ, ಹಬ್ಬ ಮುಗಿಯಲಿ ಅಂತ ಬಿಟ್ಟಿದ್ದೆ. ಆ ಕುಶಲಕರ್ಮಿಗಳ ಹೊಟ್ಟೆಪಾಡಿನ ವಿಷಯ ಅದು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ. ನೀವು ಎಳ್ಳ ಅಮವಾಸ್ಯೆ ಮುಗಿಯಲಿ ಅನ್ನಬೇಡಿ.

ಇವತ್ತೇ ಬ್ಯಾಕಪ್ ತೆಗೆದು ಆ ಪ್ಲಗಿನ್ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಇನ್ನೂ ಬಂದಿಲ್ಲವಾದರೆ ಡಿಆಕ್ಟಿವೇಟ್ ಮಾಡಿ ಅಳಿಸಿಬಿಡಿ. ಅದಿಲ್ಲದೆ ಅಂಗಡಿ ನಡೆಯುವುದೇ ಇಲ್ಲವಾದರೆ, ವೂಕಾಮರ್ಸ್‌ನಲ್ಲಿ ಹೊಸ ಅಕೌಂಟ್ ತೆರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಅಕೌಂಟ್ ಇಲ್ಲದೆಯೂ ಆರ್ಡರ್ ಕೊಡುವ ಸೌಲಭ್ಯ ಇದೆ, ವ್ಯಾಪಾರ ನಿಲ್ಲುವುದಿಲ್ಲ. ಆದರೆ ಈಗಾಗಲೇ ಇರುವ ಅಕೌಂಟ್‌ಗಳಿಗೆ ಇದು ತಡೆಯಲ್ಲ, ನೆನಪಿರಲಿ.

ಆಮೇಲೆ ವರ್ಡ್‌ಪ್ರೆಸ್‌ನ ಜನರಲ್ ಸೆಟ್ಟಿಂಗ್ಸ್ ತೆರೆಯಿರಿ. ‘ಎನಿವನ್ ಕ್ಯಾನ್ ರಿಜಿಸ್ಟರ್’ ಮುಂದೆ ಟಿಕ್ ಇದೆಯಾ, ಹೊಸ ಬಳಕೆದಾರರ ರೋಲ್ ಏನಿದೆ ನೋಡಿ. 2018ರ ನವೆಂಬರ್‌ನಲ್ಲಿ ‘ಡಬ್ಲ್ಯುಪಿ ಜಿಡಿಪಿಆರ್ ಕಂಪ್ಲಯನ್ಸ್’ ಅನ್ನುವ ಪ್ಲಗಿನ್‌ನಲ್ಲಿ ಇಂಥದ್ದೇ ದೋಷ ಸಿಕ್ಕಿತು. 1 ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿ ಅದಿತ್ತು. ದಾಳಿ ಮಾಡಿದವರು ಬದಲಿಸಿದ್ದು ಈ ಎರಡು ಸೆಟ್ಟಿಂಗ್‌ಗಳನ್ನೇ. ನೋಂದಣಿ ತೆರೆದರು, ಹೊಸಬರ ರೋಲ್ ‘ಅಡ್ಮಿನಿಸ್ಟ್ರೇಟರ್’ ಮಾಡಿದರು, ತಾವೇ ಹೋಗಿ ಅಕೌಂಟ್ ತೆರೆದರು.

ಕಲಬುರಗಿಯಿಂದ, ಪ್ಲಗಿನ್ ಬರೆಯುವವನು

ನಿಮ್ಮ ಹುಡುಗನಿಗೆ ಇದನ್ನು ಓದಿಸಿ ಅಕ್ಕಾ. ನಮ್ಮಲ್ಲಿ ತುಂಬ ಜನರಿಗೆ ಇದೇ ತಪ್ಪು ತಿಳಿವಳಿಕೆ ಇದೆ.

ದಾಲ್ ಮಿಲ್ ಗೇಟಿನಲ್ಲಿ ವಾಚ್‌ಮನ್ ಹೆಸರು ಬರೆಸಿಕೊಂಡು ಒಳಗೆ ಬಿಡುತ್ತಾನೆ. ಚೀಲ ಇಳಿಸಲು ಬಂದ ಲಾರಿ ಡ್ರೈವರೂ ಒಳಗೆ ಬರುತ್ತಾನೆ. ಅಷ್ಟಕ್ಕೇ ಅವನು ಗಲ್ಲಾ ಪೆಟ್ಟಿಗೆ ತೆಗೆಯಬಹುದು ಅಂತಲ್ಲ. ಲಾಗಿನ್ ಅಂದರೆ ಗೇಟು. ಗಲ್ಲಾದ ಹತ್ತಿರ ಬೇರೆ ಪ್ರಶ್ನೆ ಕೇಳಬೇಕು. ವರ್ಡ್‌ಪ್ರೆಸ್‌ನಲ್ಲಿ ಆ ಪ್ರಶ್ನೆಗೆ ‘ಕರೆಂಟ್ ಯೂಸರ್ ಕ್ಯಾನ್’ ಅನ್ನುವ ಫಂಕ್ಷನ್ ಇದೆ. ಅದು ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲೇ ಈ ದೋಷ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಶುರುವಿನಲ್ಲಿ ‘ಈಸ್ ಅಡ್ಮಿನ್’ ಫಂಕ್ಷನ್ ಹಾಕಿ, ಕೆಲಸ ಆಯಿತು ಅಂದುಕೊಂಡಿದ್ದೆ. ಹೆಸರು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಅದು ಕೇಳುವುದು ‘ಇವರು ಅಡ್ಮಿನ್ನಾ’ ಅಂತಲ್ಲ, ‘ಇದು ಅಡ್ಮಿನ್ ಕಡೆಯ ಪುಟವಾ’ ಅಂತ. ಅಡ್ಮಿನ್-ಏಜಾಕ್ಸ್‌ಗೆ ಯಾರೇ ಬಂದರೂ, ಲಾಗಿನ್ ಇಲ್ಲದವರು ಬಂದರೂ, ಉತ್ತರ ‘ಹೌದು’. ಎರಡನೆಯದು ನಾನ್ಸ್. ಅದು ಕೋರಿಕೆ ನಮ್ಮ ಪುಟದಿಂದಲೇ ಬಂತಾ ಅಂತ ನೋಡಲು ಪುಟದೊಳಗೆ ಅಚ್ಚಾಗುವ ಟೋಕನ್. ಆ ಪುಟ ನೋಡಿದ ಗಿರಾಕಿಯ ಕೈಗೂ ಅದು ಸಿಗುತ್ತದೆ. ನಾನ್ಸ್ ಸರಿ ಇದೆ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತ ಆಗುವುದಿಲ್ಲ. ‘ಕಸ್ಟಮರ್‌ಗೆ ಡ್ಯಾಶ್‌ಬೋರ್ಡೇ ಕಾಣಲ್ಲವಲ್ಲ’ ಅಂತಲೂ ಕೆಲವರು ಹೇಳುತ್ತಾರೆ. ಕಾಣುವುದಿಲ್ಲ, ನಿಜ. ಅಡ್ಮಿನ್-ಏಜಾಕ್ಸ್ ಮಾತ್ರ ತೆರೆದೇ ಇರುತ್ತದೆ.

ಅಡ್ಮಿನ್ ಕಡೆಗೆ ಕೋರಿಕೆ ಬಂದಾಗೆಲ್ಲ ಪ್ಲಗಿನ್‌ನ ಕೋಡ್ ಓಡಿಸುವ ‘ಅಡ್ಮಿನ್ ಇನಿಟ್’ ಹುಕ್ ಕೂಡ ಹೀಗೇ ಮೋಸ ಮಾಡುತ್ತದೆ. 2020ರಲ್ಲಿ ‘ಥೀಮ್‌ಗ್ರಿಲ್ ಡೆಮೊ ಇಂಪೋರ್ಟರ್’ ಪ್ಲಗಿನ್‌ನಲ್ಲಿ ಅದರೊಳಗೆ ಬರೆದ ಕೋಡಿಗೆ ತಪಾಸಣೆ ಇರಲಿಲ್ಲ. ಲಾಗಿನ್ ಆಗದವರು ಕೂಡ ಇಡೀ ಡೇಟಾಬೇಸ್ ಅಳಿಸಬಹುದಿತ್ತು. 2 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಅದಿತ್ತು. 1.6.2ರಲ್ಲಿ ಸರಿಯಾಯಿತು.

4.3 ಅನ್ನುವ ಅಂಕಿ ನೋಡಿ ಸುಮ್ನೆ ಕೂರಬೇಡಿ. ಅಕೌಂಟ್ ಬೇಕು ಅನ್ನುವ ಕಾರಣಕ್ಕೂ ಅಂಕಿ ಇಳಿಯುತ್ತದೆ. ನೀವು ಅಕೌಂಟನ್ನು ಊರಿಗೆಲ್ಲ ಕೊಡುತ್ತೀರಿ ಅನ್ನುವುದು ಆ ಲೆಕ್ಕದಲ್ಲಿ ಇರುವುದಿಲ್ಲ.

ಯಾದಗಿರಿಯಿಂದ

ನಾನು ಒಂದು ಶಾಲೆಯ ಸೈಟ್ ನೋಡಿಕೊಳ್ಳುವ ಮೇಷ್ಟ್ರು. 31 ಪ್ಲಗಿನ್ ಇದ್ದವು, ಬೇಕಾಗಿದ್ದು 12. ಉಳಿದವನ್ನು ತೆಗೆದೆ. ಒಂದು ಮಾತು ಸೇರಿಸುತ್ತೇನೆ. ವರ್ಡ್‌ಪ್ರೆಸ್ ತನ್ನ ಪಟ್ಟಿಯಿಂದ ಒಂದು ಪ್ಲಗಿನ್ ಮುಚ್ಚಿದರೂ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ಬರುವುದಿಲ್ಲ. ಅಪ್‌ಡೇಟ್ ಬಾಕಿ ಇಲ್ಲ ಅಂತಲೇ ಕಾಣುತ್ತದೆ. ನಾನು ಒಂದೊಂದರ ಪುಟ ತೆರೆದು ನೋಡಿದಾಗ ಎರಡು ಮುಚ್ಚಿಹೋಗಿದ್ದವು. ಮಕ್ಕಳ ಫೋಟೊ, ಪೋಷಕರ ನಂಬರ್ ಇರುವ ಸೈಟ್ ಅದು. ಎದೆ ಧಸಕ್ಕೆಂದಿತು.

ಕೇಳಿದವರು

ಎಲ್ಲರಿಗೂ ಶರಣು. ರಾತ್ರಿಯೇ ಕೂತು ಅಪ್‌ಡೇಟ್ ಮಾಡಿಸಿದೆ. ಹುಡುಗನೂ ಓದಿ ಒಪ್ಪಿಕೊಂಡ. ಸೆಟ್ಟಿಂಗ್ಸ್ ಸರಿಯಾಗೇ ಇವೆ. ಅಡ್ಮಿನ್ ಪಟ್ಟಿಯಲ್ಲಿ ಮೂವರಿದ್ದರು: ನಾನು, ಅವನು, ಮತ್ತೆ ಎರಡು ವರ್ಷದ ಹಿಂದೆ ಲೋಗೊ ಮಾಡಿಕೊಟ್ಟವರು. ಅವರದನ್ನು ತೆಗೆದೆ. ಒಂದೂ ಆರ್ಡರ್ ಕೊಡದ, ಹೆಸರೇ ಓದಲಾಗದ 9 ಕಸ್ಟಮರ್ ಅಕೌಂಟ್‌ಗಳೂ ಇವೆ. ಅಳಿಸಲಾ? ಲಾಗ್ 7 ದಿನದ್ದು ಮಾತ್ರ ಸಿಕ್ಕಿದೆ.

ಬೀದರಿನಿಂದ

ಈಗಲೇ ಅಳಿಸಬೇಡಿ ಅಕ್ಕಾ. ಆ 9 ಅಕೌಂಟ್ ತೆರೆದ ದಿನ, ಸಮಯ ಮೊದಲು ಬರೆದಿಟ್ಟುಕೊಳ್ಳಿ. ಅದು ಡೇಟಾಬೇಸ್‌ನ ಯೂಸರ್ಸ್ ಟೇಬಲ್‌ನಲ್ಲಿ ಸಿಗುತ್ತದೆ, ಜಿಎಂಟಿ ಸಮಯದಲ್ಲಿ ಇರುತ್ತದೆ. ಐದೂವರೆ ಗಂಟೆ ಕೂಡಿಸಿಕೊಳ್ಳಿ. ಲಾಗ್ ಯಾವ ಸಮಯದಲ್ಲಿ ಇದೆ ಅಂತಲೂ ಹುಡುಗನಿಗೆ ಕೇಳಿ. ಆಮೇಲೆ ಅದೇ ಐಪಿಯಿಂದ ಅಡ್ಮಿನ್-ಏಜಾಕ್ಸ್‌ಗೆ ಪೋಸ್ಟ್ ಹೋಗಿದೆಯಾ ಹುಡುಕಿ. ಒಳಗೆ ಏನು ಕಳಿಸಿದರು ಅಂತ ಸಾಮಾನ್ಯವಾಗಿ ಲಾಗ್‌ನಲ್ಲಿ ಇರುವುದಿಲ್ಲ, ಸಮಯ ತಾಳೆ ನೋಡಿಯೇ ಹಿಡಿಯಬೇಕು. ಲಾಗನ್ನು ಇಲ್ಲಿ ಹಾಕಬೇಡಿ, ಗಿರಾಕಿಗಳ ಐಪಿ ಇರುತ್ತವೆ. ಏನು ಕಂಡಿತು ಅಂತ ಬರೆಯಿರಿ, ರಾತ್ರಿ 10ರ ನಂತರ ನಾನಿರುತ್ತೇನೆ.