ಸಹಾಯ ಬೇಕು: ತಡವಾಗಿ ಬಂದ ಸೂಟ್‌ಕೇಸು ಮತ್ತು 21 ದಿನದ ಗಡುವು

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆಗೆಂದು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬಂದಿಳಿದ ರಾತ್ರಿ ನನ್ನ ಸೂಟ್‌ಕೇಸು ಬೆಲ್ಟಿನ ಮೇಲೆ ಬರಲೇ ಇಲ್ಲ. ಕೌಂಟರಿನಲ್ಲಿ ಆಗಲೇ ಲಗೇಜು ದೂರಿನ ನಮೂನೆ, ಅಂದರೆ ಪಿಐಆರ್, ಬರೆಸಿ ಪ್ರತಿ ಪಡೆದುಕೊಂಡೆ. ಸೂಟ್‌ಕೇಸು ಮನೆ ತಲುಪಿದ್ದು ಆರನೆಯ ದಿನ. ಧಾರೆಗೆ ಉಡಬೇಕಿದ್ದ ರೇಷ್ಮೆ ಸೀರೆ ಮಡಿಕೆ ಬಿಚ್ಚದೆ ಅದರೊಳಗೇ ಇತ್ತು, ಮದುವೆ ಮಾತ್ರ ಮುಗಿದಿತ್ತು.

ಅನಿವಾರ್ಯವಾಗಿ ಕೊಂಡ ಬಟ್ಟೆಬರೆಯ ₹38,000 ಬಿಲ್ಲುಗಳನ್ನು, ಸೂಟ್‌ಕೇಸು ಕೈಸೇರಿದ 24ನೆಯ ದಿನ ಇಮೇಲ್ ಮಾಡಿದೆ (ತಡ ನನ್ನದೇ, ಒಪ್ಪುತ್ತೇನೆ). ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದದ 31ನೆಯ ವಿಧಿಯಂತೆ, ಲಗೇಜು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಬಂದಿಲ್ಲವೆಂದು ವಿಮಾನ ಸಂಸ್ಥೆ ಕೈತೊಳೆದುಕೊಂಡಿದೆ. ಎರಡು ಬಾರಿ ಮರುಪತ್ರ ಬರೆದರೂ ಅದೇ ಉತ್ತರ. ಮೊತ್ತದ ತಕರಾರಿಲ್ಲ; 2024ರ ಡಿಸೆಂಬರ್ 28ರಿಂದ ಲಗೇಜಿನ ಹೊಣೆಯ ಮಿತಿ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ) ಇದೆ, ನನ್ನ ಖರ್ಚು ಅದಕ್ಕಿಂತ ಬಹಳ ಕಡಿಮೆ.

ನನ್ನ ಗೊಂದಲ ಇಷ್ಟೇ. ವಿಧಿಯಲ್ಲಿರುವುದು ‘ತಡವೆಂದರೆ 21 ದಿನಗಳೊಳಗೆ’ ಎಂಬ ಅರ್ಥದ ಮಾತು. ಅದಕ್ಕೂ ಮುಂಚೆ ದೂರು ಕೊಡಬಾರದೆಂದಿಲ್ಲ. ಹಾಗಿರುವಾಗ, ಖರ್ಚಿನ ಮೊತ್ತ ನಮೂದಿಸದ ಪಿಐಆರ್ ಅನ್ನೇ ವಿಳಂಬದ ಲಿಖಿತ ದೂರೆಂದು ಭಾರತದ ಗ್ರಾಹಕ ಆಯೋಗಗಳು ಒಪ್ಪುತ್ತವೆಯೇ? ದಾವೆಯ ಎರಡು ವರ್ಷದ ಅವಧಿ ಇನ್ನೂ ಮುಗಿದಿಲ್ಲ. ಇಂಥ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ.